ಲಂಕೆಯ ಚೀಟಿ, ವಿಯೆಟ್ನಾಂ ಮೆಣಸು: ಒಂದು ಮುಕ್ತ ವ್ಯಾಪಾರ ಒಪ್ಪಂದದ ಪ್ರಕರಣ ಅಧ್ಯಯನ

2016ರಲ್ಲಿ ಕಿಲೋಗೆ 700 ರೂಪಾಯಿ ಆಸುಪಾಸಿನಲ್ಲಿದ್ದ ಕಾಳುಮೆಣಸು 2017 ಮುಗಿಯುವ ಹೊತ್ತಿಗೆ 400ರ ಹತ್ತಿರ ಬಂದು ನಿಂತಿತ್ತು. 2019ರಲ್ಲಿ ಕೇಳಿದರೆ ಮುನ್ನೂರು ಚಿಲ್ಲರೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ತೋಟದವರಿಗೆ ಆ ಮೂರು ವರ್ಷ ಇನ್ನೂ ಚೆನ್ನಾಗಿ ನೆನಪಿದೆ. ಕಾಫಿಗೆ ಬೆಲೆಯಿಲ್ಲದ ಕಾಲವದು. 2018ರ ಆಗಸ್ಟಿನ ಮಳೆ ಕೊಡಗಿನ ಗುಡ್ಡಗಳನ್ನೇ ಜಾರಿಸಿತ್ತು. ಅಂಥ ಹೊತ್ತಿನಲ್ಲಿ ತೋಟದ ಸಂಬಳ, ಗೊಬ್ಬರದ ಬಾಕಿ, ಮಕ್ಕಳ ಫೀಸು ಎಲ್ಲವೂ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಆ ಬಳ್ಳಿಯ ಮೇಲೆಯೇ ನಿಂತಿದ್ದವು.

ಬೆಲೆ ಬಿದ್ದಾಗ ಮಲೆನಾಡಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಶ್ರೀಲಂಕಾದಿಂದ ಬರ್ತಾ ಇದೆ. 2017ರಲ್ಲಿ ಗೋಣಿಕೊಪ್ಪ ಎಪಿಎಂಸಿಯಲ್ಲಿ ವಿಯೆಟ್ನಾಂ ಮೆಣಸು ಕೊಡಗಿನ ಮೆಣಸಿನ ಹೆಸರಲ್ಲಿ ಓಡಾಡುತ್ತಿದೆ ಎಂಬ ಆರೋಪ ಎದ್ದು ಬೆಳೆಗಾರರು ಬೀದಿಗಿಳಿದರು. ಹಾಗಾದರೆ ತಪ್ಪು ಯಾರದು? ಲಂಕೆಯದೋ, ವಿಯೆಟ್ನಾಮಿನದೋ, ಮುಕ್ತ ವ್ಯಾಪಾರದ್ದೋ? ಆಗ ಮೂರೂ ಹೆಸರುಗಳು ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಅವನ್ನು ಬಿಡಿಸಿ ನೋಡುವುದು ಈ ಬರಹದ ಕೆಲಸ.

ಒಪ್ಪಂದದಲ್ಲಿ ಏನಿತ್ತು

ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರ ಡಿಸೆಂಬರ್ 28ರಂದು ದೆಹಲಿಯಲ್ಲಿ ಸಹಿ ಬಿತ್ತು. ಆಗ ಇಲ್ಲಿ ಅಟಲ್ ಬಿಹಾರಿ ವಾಜಪೇಯಿ ಪ್ರಧಾನಿ, ಅಲ್ಲಿ ಚಂದ್ರಿಕಾ ಕುಮಾರತುಂಗ ಅಧ್ಯಕ್ಷೆ. ಜಾರಿಗೆ ಬಂದದ್ದು 2000ರ ಮಾರ್ಚ್‌ನಲ್ಲಿ. ದೊಡ್ಡ ದೇಶ ಬೇಗ ಬಾಗಿಲು ತೆರೆಯಬೇಕು, ಸಣ್ಣ ದೇಶಕ್ಕೆ ಹೆಚ್ಚು ಕಾಲಾವಕಾಶ ಎಂಬ ತತ್ತ್ವ ಅದರಲ್ಲಿತ್ತು. ಭಾರತ ಮೂರು ವರ್ಷದಲ್ಲಿ ಬಹುಪಾಲು ಸರಕುಗಳ ಸುಂಕ ಇಳಿಸಿತು, ಶ್ರೀಲಂಕಾ ಎಂಟು ವರ್ಷ ತೆಗೆದುಕೊಂಡಿತು. ಇಬ್ಬರೂ ತಮಗೆ ಬೇಕಾದ್ದನ್ನು ಹೊರಗಿಟ್ಟುಕೊಂಡರು. ಲಂಕೆಯ ಚಹಾಕ್ಕೆ ವರ್ಷಕ್ಕೆ 1.5 ಕೋಟಿ ಕಿಲೋ ಎಂಬ ಮಿತಿ ಬಿತ್ತು. ಅದನ್ನೂ ಮೊದಮೊದಲು ಕೊಚ್ಚಿ, ಕೋಲ್ಕತ್ತ ಬಂದರುಗಳಲ್ಲಷ್ಟೇ ಇಳಿಸಬೇಕಿತ್ತು. ಮುಕ್ತ ಎಂಬ ಮಾತಿಗೆ ವ್ಯಾಪಾರ ಒಪ್ಪಂದಗಳಲ್ಲಿ ಇರುವ ಅರ್ಥ ಇಷ್ಟೇ.

ಮೆಣಸಿನ ವಿಷಯಕ್ಕೆ ಬರೋಣ. ಭಾರತ ಹೊರದೇಶದ ಕಾಳುಮೆಣಸಿಗೆ ಹಾಕುವ ಸಾಮಾನ್ಯ ಸುಂಕ ಶೇ 70. ವಿಯೆಟ್ನಾಂ, ಇಂಡೋನೇಷ್ಯಾಗಳಿರುವ ಆಸಿಯಾನ್ ಕೂಟದೊಂದಿಗಿನ ಒಪ್ಪಂದ 2010ರಲ್ಲಿ ಜಾರಿಗೆ ಬಂದಾಗ ಪಾಮ್ ಎಣ್ಣೆ, ಕಾಫಿ, ಚಹಾ, ಮೆಣಸನ್ನು ವಿಶೇಷ ಪಟ್ಟಿಯಲ್ಲಿಟ್ಟು, ಮೆಣಸಿನ ಸುಂಕವನ್ನು ವರ್ಷವರ್ಷ ಒಂದಿಷ್ಟು ಇಳಿಸುತ್ತಾ 2019ರ ಕೊನೆಗೆ ಶೇ 50ಕ್ಕೆ ತರುವುದೆಂದು ಒಪ್ಪಲಾಗಿತ್ತು. ಶ್ರೀಲಂಕಾಕ್ಕೆ ಎರಡು ದಾರಿ. ದ್ವಿಪಕ್ಷೀಯ ಒಪ್ಪಂದದಡಿ ವರ್ಷಕ್ಕೆ 2,500 ಟನ್ನಿನ ಕೋಟಾ, ಅದಕ್ಕೆ ಸುಂಕವೇ ಇಲ್ಲ. ಕೋಟಾ ಮುಗಿದ ಮೇಲೆ ದಕ್ಷಿಣ ಏಷ್ಯಾದ ಸಾರ್ಕ್ ದೇಶಗಳು ಮಾಡಿಕೊಂಡ ಸಾಫ್ಟಾ ಎಂಬ ವ್ಯಾಪಾರ ಒಪ್ಪಂದದಡಿ ಎಷ್ಟಾದರೂ ತರಬಹುದು, ಸುಂಕ ಶೇ 8. ಕೋಟಾ ಎಂದರೆ ಬೇಲಿ ಎಂದುಕೊಂಡವರು ಪಕ್ಕದ ಈ ತೂತನ್ನು ಗಮನಿಸಿರಲಿಲ್ಲ. ಆಮದು ಕೋಟಾವನ್ನು ಹಲವು ಪಟ್ಟು ಮೀರಿ ಹೋದದ್ದು ಈ ಎಂಟು ಪರ್ಸೆಂಟಿನ ದಾರಿಯಲ್ಲೇ.

ಒಂದೇ ಕಾಳಿಗೆ ಹೀಗೆ ಹಲವು ದರ: 70, 50 ಚಿಲ್ಲರೆ, 8, ಸೊನ್ನೆ. ಯಾವುದು ಕಟ್ಟಬೇಕೆಂದು ತೀರ್ಮಾನಿಸುವುದು ಆ ಕಾಳು ಎಲ್ಲಿ ಬೆಳೆಯಿತು ಎಂಬ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಕೊಡುವುದು ಒಂದು ಕಾಗದ, ಅಂದರೆ ಕೊಲಂಬೊದ ವಾಣಿಜ್ಯ ಇಲಾಖೆ ಕೊಡುವ ಮೂಲ ಪ್ರಮಾಣಪತ್ರ. ಮುಂದೆ ಚೀಟಿ ಅಂದಾಗಲೆಲ್ಲ ಇದೇ.

ಮಾತಲೆಯ ಮೆಣಸು

ಲಂಕೆ ಮೆಣಸು ಬೆಳೆಯದ ದೇಶವೇನಲ್ಲ. ಸಿಂಹಳದಲ್ಲಿ ಅದಕ್ಕೆ ಗಮ್ಮಿರಿಸ್ ಅನ್ನುತ್ತಾರೆ. ಮಾತಲೆ, ಕ್ಯಾಂಡಿ, ಕೇಗಾಲೆ, ಕುರುನೇಗಲ ಜಿಲ್ಲೆಗಳ ಮನೆತೋಟಗಳಲ್ಲಿ, ನಾವು ಗೊಬ್ಬರದ ಗಿಡ ಅನ್ನುವ ಗ್ಲಿರಿಸಿಡಿಯಾಕ್ಕೆ ಬಳ್ಳಿ ಹಬ್ಬಿಸಿ ಬೆಳೆಯುತ್ತಾರೆ. ಬೆಳೆಗಾರರು ಬಹುತೇಕ ಸಣ್ಣ ಹಿಡುವಳಿಯವರು. ನಮ್ಮ ಕಾಫಿ ತೋಟದವರಿಗೆ ಹೋಲಿಸಿದರೆ ಬಹಳ ಸಣ್ಣವರು. ಅವರ ಮೆಣಸಿನಲ್ಲಿ ಪೈಪರಿನ್ ಅಂಶ, ಅಂದರೆ ಖಾರ, ಜಾಸ್ತಿ. ಬಲಿಯುವ ಮೊದಲೇ ಕೊಯ್ದ ಹಗುರ ಕಾಳು ಒಗ್ಗರಣೆಗೆ ಚೆಂದವಿಲ್ಲ, ಆದರೆ ಸತ್ವ ತೆಗೆಯುವ ಕಾರ್ಖಾನೆಗೆ ಅದೇ ಬೇಕು. ಅಂಥ ಓಲಿಯೊರೆಸಿನ್ ಕಾರ್ಖಾನೆಗಳು ಕೊಚ್ಚಿಯ ಸುತ್ತ ಇವೆ, ಜಗತ್ತಿನ ಮಾರುಕಟ್ಟೆಗೆ ಸರಬರಾಜು ಮಾಡುತ್ತವೆ. ಲಂಕೆಯ ಮೆಣಸು ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತಕ್ಕೆ ಬರುವುದರಲ್ಲಿ ಹಾಗಾಗಿ ಆಶ್ಚರ್ಯವಿಲ್ಲ. ಮಾತಲೆಯ ಹಗುರ ಕಾಳು ಸಮುದ್ರ ದಾಟಿ ಕೊಚ್ಚಿಗೆ ಬಂದು, ಸತ್ವವಾಗಿ ಅಮೆರಿಕಕ್ಕೋ ಯುರೋಪಿಗೋ ಹೋದರೆ ಮೂರು ಕಡೆಯವರಿಗೂ ಲಾಭ. ನೆರೆಹೊರೆಯ ಕೃಷಿ ವ್ಯಾಪಾರ ಎಂದರೆ ಹೀಗಿರಬೇಕು ಅನ್ನುವಂಥ ವ್ಯಾಪಾರ ಅದು. ಕೊಡಗಿನ ಭಾರದ ಕಾಳಿಗೆ ಅದರಿಂದ ಪೈಪೋಟಿಯೂ ಅಷ್ಟಾಗಿ ಇರಲಿಲ್ಲ.

ಬೆರೆತದ್ದು ಬೇರೆ ಮೆಣಸು. ವಿಯೆಟ್ನಾಂ ಈ ಶತಮಾನದ ಮೊದಲ ವರ್ಷಗಳಲ್ಲೇ ಜಗತ್ತಿನ ಅತಿ ದೊಡ್ಡ ಮೆಣಸಿನ ದೇಶವಾಗಿ, 2015ರ ಬೆಲೆ ಕಂಡು ಇನ್ನಷ್ಟು ನೆಟ್ಟು, ಕೊನೆಗೆ ತನ್ನ ಫಸಲಿನಲ್ಲಿ ತಾನೇ ಮುಳುಗಿತು.

ಸುಂಕದ ಅಂತರವೇ ಫಸಲು

ಲೆಕ್ಕಕ್ಕೆ ಸುಲಭವಾಗಲಿ ಎಂದು ವಿಯೆಟ್ನಾಂ ಮೆಣಸು ಕಿಲೋಗೆ 200 ರೂಪಾಯಿ ಎಂದಿಟ್ಟುಕೊಳ್ಳೋಣ. 2018–19ರಲ್ಲಿ ಅದು ಹೆಚ್ಚುಕಡಿಮೆ ಅಷ್ಟೇ ಇತ್ತು. ನೇರವಾಗಿ ತಂದು ಶೇ 50 ಸುಂಕ ಕಟ್ಟಿದರೆ 300. ಅದೇ ಮೆಣಸು ಕೊಲಂಬೊದಲ್ಲಿ ಇಳಿದು, ಚೀಲ ಬದಲಾಯಿಸಿಕೊಂಡು, ಲಂಕೆಯ ಚೀಟಿ ಹಿಡಿದು ಬಂದರೆ ಶೇ 8ರಂತೆ 216. ವ್ಯತ್ಯಾಸ ಕಿಲೋಗೆ 84 ರೂಪಾಯಿ. ಹತ್ತು ಟನ್ನಿಗೆ 8.4 ಲಕ್ಷ. ಬಳ್ಳಿ ನೆಡಬೇಕಿಲ್ಲ, ಸೊರಗು ರೋಗಕ್ಕೆ ಔಷಧಿ ಹೊಡೆಯಬೇಕಿಲ್ಲ, ಒಂಟಿ ಏಣಿ ಹತ್ತಲು ಆಳು ಸಿಗುತ್ತಿಲ್ಲ ಎಂದು ಪರದಾಡಬೇಕಿಲ್ಲ. ಎರಡು ಸುಂಕಗಳ ನಡುವಿನ ಅಂತರವನ್ನೇ ಕೊಯ್ದುಕೊಳ್ಳಬಹುದು.

ಕೊಲಂಬೊ ಈ ಭಾಗದ ದೊಡ್ಡ ಕಂಟೇನರ್ ಬಂದರು. ಎಲ್ಲೆಲ್ಲಿಂದಲೋ ಬಂದ ಸರಕು ಅಲ್ಲಿ ಹಡಗು ಬದಲಿಸುವುದು ದಿನದ ಕೆಲಸ. ಆಮದು ಮಾಡಿ ಮರುರಫ್ತು ಮಾಡುವುದು ಆಗ ಲಂಕೆಯಲ್ಲಿ ಕಾನೂನುಬದ್ಧವೇ ಆಗಿತ್ತು. ಕಾಳುಮೆಣಸನ್ನು ಅಂಗೈಯಲ್ಲಿ ಹಿಡಿದು ಇದು ಮಾತಲೆಯದು, ಇದು ವಿಯೆಟ್ನಾಮಿನದು ಎಂದು ಕಸ್ಟಮ್ಸ್ ಕೌಂಟರಿನಲ್ಲಿ ಹೇಳುವುದು ಸುಲಭವಲ್ಲ. ಒಂದು ಲೀಟರ್ ಕಾಳು ಎಷ್ಟು ತೂಗುತ್ತದೆಂದು ನೋಡಬಹುದು, ಖಾರ ಅಳೆಯಬಹುದು, ಆದರೆ ಅರ್ಧಕ್ಕರ್ಧ ಬೆರೆಸಿದರೆ ಅದೂ ಕಷ್ಟ. ಇನ್ನೊಂದು ಸಂಗತಿಯೂ ಇದೆ, ಇದನ್ನು ಪ್ರತಿಭಟನೆಯ ಮನವಿಪತ್ರಗಳಲ್ಲಿ ಯಾರೂ ಬರೆಯಲಿಲ್ಲ. ಪ್ರಮಾಣಪತ್ರ ನೂರಕ್ಕೆ ನೂರು ಪ್ರಾಮಾಣಿಕವಾಗಿದ್ದರೂ ಕತೆ ಪೂರ್ತಿ ಮುಗಿಯುವುದಿಲ್ಲ. ಲಂಕೆ ತಾನು ಬೆಳೆದದ್ದನ್ನೆಲ್ಲ ಭಾರತಕ್ಕೆ ಕಳಿಸಿ, ಬೇರೆ ಗಿರಾಕಿಗಳಿಗೆ ಹೊರಗಿನ ಮೆಣಸು ಕೊಟ್ಟರೆ ಕಾಗದದಲ್ಲಿ ಒಂದು ಸುಳ್ಳೂ ಇರುವುದಿಲ್ಲ.

ಇದು ಹೊಸ ಆಟವೂ ಅಲ್ಲ. ಇದೇ ಒಪ್ಪಂದದ ಮೊದಲ ದಶಕದಲ್ಲಿ ಇದರ ತಾಲೀಮು ವನಸ್ಪತಿಯಲ್ಲಿ, ಅಂದರೆ ಡಾಲ್ಡಾದಂಥ ಅಡುಗೆ ಕೊಬ್ಬಿನಲ್ಲಿ, ನಡೆದಿತ್ತು. ಭಾರತದಲ್ಲಿ ಪಾಮ್ ಎಣ್ಣೆಗೆ ಭಾರಿ ಸುಂಕ, ಲಂಕೆಯಲ್ಲಿ ಕಡಿಮೆ. ಭಾರತದ ಉದ್ಯಮಿಗಳೇ ಲಂಕೆಗೆ ಹೋಗಿ ಕಾರ್ಖಾನೆ ಹಾಕಿ, ಹೊರಗಿನಿಂದ ಪಾಮ್ ಎಣ್ಣೆ ತರಿಸಿ, ವನಸ್ಪತಿ ಮಾಡಿ ಸುಂಕವಿಲ್ಲದೆ ಭಾರತಕ್ಕೆ ಕಳಿಸಿದರು. ಲಂಕೆಯಲ್ಲೇ ಶೇ 35 ಮೌಲ್ಯವರ್ಧನೆ ಆಗಿರಬೇಕೆಂಬ ನಿಯಮ ಕಾಗದದ ಮೇಲೆ ಪಾಲನೆಯಾಗುತ್ತಿತ್ತು. ಲಂಕೆಯ ರಫ್ತಿನ ಅಂಕಿ ಏಕಾಏಕಿ ಏರಿತು, ಒಪ್ಪಂದ ಯಶಸ್ವಿ ಎಂದು ಭಾಷಣಗಳಾದವು. ಭಾರತ 2.5 ಲಕ್ಷ ಟನ್ನಿನ ಮಿತಿ ಹಾಕಿ, ತನ್ನ ಪಾಮ್ ಎಣ್ಣೆ ಸುಂಕವನ್ನೂ ಇಳಿಸಿದ ಮೇಲೆ ಕಾರ್ಖಾನೆಗಳು ಬಾಗಿಲು ಹಾಕಿದವು. ನೇಪಾಳದ ಗಡಿಯಲ್ಲೂ ಇದೇ ವನಸ್ಪತಿಯ ರಗಳೆ, 2002ರಲ್ಲಿ 1 ಲಕ್ಷ ಟನ್ನಿನ ಮಿತಿ. ಅಂತರ ಇರುವ ತನಕ ವ್ಯಾಪಾರ ಇರುತ್ತದೆ, ಅಂತರ ಹೋದರೆ ಅದೂ ಹೋಗುತ್ತದೆ ಎಂಬುದು ದೆಹಲಿಗೂ ಕೊಲಂಬೊಗೂ ಚೆನ್ನಾಗಿ ಗೊತ್ತಿದ್ದ ಪಾಠ. ಆದರೂ ಮೆಣಸಿನಲ್ಲಿ ಅದೇ ಅಂತರವನ್ನು ಹಾಗೇ ಬಿಟ್ಟುಕೊಂಡು ಕೂತರು.

500 ರೂಪಾಯಿಯ ಗೋಡೆ

ಬೆಳೆಗಾರ ಸಂಘಟನೆಗಳು ದೆಹಲಿಗೆ ಓಡಾಡಿದವು. ಆಗ ವಾಣಿಜ್ಯ ಮಂತ್ರಿ ಸುರೇಶ್ ಪ್ರಭು. 2017ರ ಡಿಸೆಂಬರ್ 6ರಂದು ಆದೇಶ ಬಂತು: ಕಾಳುಮೆಣಸಿಗೆ ಕನಿಷ್ಠ ಆಮದು ಬೆಲೆ, ಹಡಗು ಬಾಡಿಗೆ ವಿಮೆ ಸೇರಿ ಕಿಲೋಗೆ 500 ರೂಪಾಯಿ. 2018ರ ಮಾರ್ಚ್‌ನಲ್ಲಿ ಅದನ್ನು ಇನ್ನೂ ಬಿಗಿಮಾಡಿ, 500ಕ್ಕಿಂತ ಕಡಿಮೆ ಬೆಲೆಯ ಮೆಣಸಿನ ಆಮದನ್ನೇ ನಿಷೇಧಿಸಿದರು. ರಫ್ತಿಗೆಂದೇ ತರಿಸಿಕೊಳ್ಳುವ ಘಟಕಗಳಿಗೆ ಮುಂದೆ ವಿನಾಯಿತಿ ಸಿಕ್ಕಿತು. ಮಲೆನಾಡಿನಲ್ಲಿ ಪಟಾಕಿ ಹೊಡೆಯುವಷ್ಟು ಸಂತೋಷ. ಜಗತ್ತಿನ ಬೆಲೆ 200–300 ಇರುವಾಗ ಯಾರು 500 ಕೊಟ್ಟು ತರುತ್ತಾರೆ?

ಆದರೆ ಮಂಡಿಯಲ್ಲಿ ಬೆಲೆ ಏರಲಿಲ್ಲ, 2018ರಲ್ಲೂ 2019ರಲ್ಲೂ. ಯಾಕೆ ಎಂಬುದು ಈ ಪ್ರಕರಣದ ಅತ್ಯಂತ ಸ್ವಾರಸ್ಯದ ಭಾಗ. ಮೇಲಿನ ಲೆಕ್ಕವನ್ನೇ ಮತ್ತೆ ಮಾಡಿ ನೋಡಿ.

ಸುಂಕ ಹಾಕುವುದು ಇನ್‌ವಾಯ್ಸಿನಲ್ಲಿ ತೋರಿಸಿದ ಬೆಲೆಯ ಮೇಲೆ. ಈಗ ಎಲ್ಲರೂ ಕನಿಷ್ಠ 500 ತೋರಿಸಲೇಬೇಕು. ವಿಯೆಟ್ನಾಮಿನಿಂದ ನೇರ ತರುವವನಿಗೆ ಶೇ 50ರಂತೆ ಸುಂಕವೇ 250. ಲಂಕೆಯ ಚೀಟಿ ಇದ್ದವನಿಗೆ ಶೇ 8ರಂತೆ 40. ಮೊದಲು ಚೀಟಿಯ ಬೆಲೆ ಕಿಲೋಗೆ 84 ರೂಪಾಯಿ ಇತ್ತು, ಈಗ 210. ಕೋಟಾದೊಳಗೆ ನುಗ್ಗಿದರೆ ಪೂರಾ 250. ಗೋಡೆ ಎತ್ತರಿಸಲು ಹೋಗಿ ಬಾಗಿಲಿನ ಬೆಲೆ ಎತ್ತರಿಸಿದಂತಾಯಿತು.

ಹಾಗಾದರೆ ನಿಜಕ್ಕೂ 200 ರೂಪಾಯಿಯ ಸರಕಿಗೆ 500 ಕೊಡುವವರು ಯಾರು? ಕೊಡಬೇಕಿಲ್ಲ, ಕೊಟ್ಟಂತೆ ತೋರಿಸಿದರೆ ಸಾಕು. ಬ್ಯಾಂಕಿನ ಮೂಲಕ 500 ಹೋಗುತ್ತದೆ, ಹೆಚ್ಚಿನ 300 ಬೇರೆ ದಾರಿಯಲ್ಲಿ ತಿರುಗಿ ಬರುತ್ತದೆ. ಬೆಳೆಗಾರರ ಒಕ್ಕೂಟದವರು ಅಂದು ಮಾಡಿದ ಆರೋಪ ಇದೇ. ಅಂಥವನ ನಿಜವಾದ ಖರ್ಚು 200 ಮತ್ತು ಸುಂಕದ 40, ಒಟ್ಟು 240. ಇಲ್ಲಿನ ಮಂಡಿಯಲ್ಲಿ 330 ಇದ್ದರೂ ಲಾಭ. ಅಷ್ಟೇ ಅಲ್ಲ, ದೇಶದ ಹಣ ಹೊರಗೆ ಸಾಗಿಸಬೇಕೆನ್ನುವವನಿಗೆ ಮೆಣಸು ಒಂದು ನೆಪವೂ ಆಯಿತು.

ಇನ್ನೊಂದು ಬದಿಯಿಂದ ನೋಡಿ. ಮಾತಲೆಯಲ್ಲಿ ನಿಜವಾಗಿ ಬೆಳೆದ ಮೆಣಸನ್ನು, ನಿಜವಾದ ಬೆಲೆ ತೋರಿಸಿ ತರಲು ಹೊರಟ ವ್ಯಾಪಾರಿಗೆ ದಾರಿಯೇ ಇರಲಿಲ್ಲ. ಲಂಕೆಯ ಮೆಣಸಿಗೂ ಆಗ ಅಲ್ಲಿ ಭಾರತದ 500 ರೂಪಾಯಿಯಷ್ಟು ಬೆಲೆ ಇರಲಿಲ್ಲ. ಸುಳ್ಳು ಇನ್‌ವಾಯ್ಸಿಗೆ ಒಪ್ಪದವನು ವ್ಯಾಪಾರ ಬಿಡಬೇಕಿತ್ತು. ಕಾನೂನು ಪಾಲಿಸುವವರನ್ನು ಹೊರಗಿಟ್ಟು ಮುರಿಯುವವರಿಗೆ ಮಾರುಕಟ್ಟೆ ಬಿಟ್ಟುಕೊಡುವ ನಿಯಮವನ್ನು ರೈತಪರ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ, ನಮ್ಮ ಕಡೆಯ ರೈತರೇ ಕೇಳಿ ತಂದದ್ದಾದರೂ.

ಪೆಟ್ಟು ಯಾರಿಗೆ ಎಷ್ಟು

ಮಲೆನಾಡಿನ ಬೆಲೆ ಕುಸಿತಕ್ಕೆ ಲಂಕೆಯ ದಾರಿ ಎಷ್ಟರಮಟ್ಟಿಗೆ ಕಾರಣ? ವಿಯೆಟ್ನಾಂ ಮೆಣಸು 2015ರಲ್ಲಿ ಟನ್ನಿಗೆ 9,000 ಡಾಲರಿಗಿಂತ ಮೇಲಿತ್ತು, ಅಂದರೆ ಕಿಲೋಗೆ 600 ರೂಪಾಯಿ ಹತ್ತಿರ. 2019ರಲ್ಲಿ 2,500 ಡಾಲರ್ ಆಸುಪಾಸು, ಕಿಲೋಗೆ 175 ರೂಪಾಯಿ. ನಾಲ್ಕರಲ್ಲಿ ಮೂರು ಪಾಲು ಹೋಯಿತು. ಅದೇ ಅವಧಿಯಲ್ಲಿ ನಮ್ಮ ಬೆಲೆ ಅರ್ಧಕ್ಕೆ ಇಳಿಯಿತು. 2015ರಲ್ಲಿ ನಮ್ಮ ಮೆಣಸು ಜಗತ್ತಿನ ಬೆಲೆಗಿಂತ ಸ್ವಲ್ಪ ಮೇಲಿತ್ತು, 2019ರಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು. ಗೋಡೆ ಪೂರ್ತಿ ಬಿದ್ದಿದ್ದರೆ ಗೋಣಿಕೊಪ್ಪದ ಬೆಲೆ 200ಕ್ಕೆ ಬರಬೇಕಿತ್ತು, ಬರಲಿಲ್ಲ. ಸೋರಿಕೆ ಇತ್ತು, ಅದು ಬೆಲೆ ಏಳಲು ಬಿಡಲಿಲ್ಲ, ಆದರೆ ಬೆಲೆಯನ್ನು ಕೆಳಗೆ ನೂಕಿದ ಮುಖ್ಯ ಕೈ ವಿಯೆಟ್ನಾಮಿನ ವಿಪರೀತ ಫಸಲು. ತೋಟದವರ ಸಭೆಯಲ್ಲಿ ಈ ಮಾತು ಹೇಳಿದರೆ ಯಾರ ಪರ ನೀವು ಎಂದು ಕೇಳುತ್ತಾರೆ. ಅಂಕಿ ಮಾತ್ರ ಹೀಗೇ ಇದೆ.

ಮಾತಲೆಯವರ ಪಾಡನ್ನು ನಮ್ಮ ಪತ್ರಿಕೆಗಳು ಬರೆಯಲೇ ಇಲ್ಲ. ಅವರಿಗೆ ಮುಖ್ಯ ಗಿರಾಕಿ ಒಬ್ಬನೇ, ಭಾರತ. ಗಿರಾಕಿ ದಿಢೀರನೆ 500ರ ಷರತ್ತು ಹಾಕಿದಾಗ ಅಲ್ಲಿನ ತೋಟದ ಬಾಗಿಲಲ್ಲಿ ಬೆಲೆ ಕುಸಿಯಿತು. ಹೊರಗಿನ ಮೆಣಸು ತಂದು ಬೆರೆಸುವವರಿಂದ ತಮ್ಮ ಮೆಣಸಿನ ಹೆಸರು ಕೆಡುತ್ತಿದೆ ಎಂದು ಅವರೂ ಗಲಾಟೆ ಮಾಡುತ್ತಿದ್ದರು. ಕೊಡಗಿನವರ ದೂರೂ ಮಾತಲೆಯವರ ದೂರೂ ಒಂದೇ ಆಗಿತ್ತು! ಪಾಕ್ ಜಲಸಂಧಿಯ ಎರಡೂ ದಡದ ಬೆಳೆಗಾರರು ಒಬ್ಬರನ್ನೊಬ್ಬರು ಶತ್ರು ಅಂದುಕೊಂಡಿದ್ದರು, ನಡುವೆ ಕಾಗದ ಮಾಡುವವರು ಕಾಸು ಮಾಡುತ್ತಿದ್ದರು. 2019ರ ಡಿಸೆಂಬರಿನಲ್ಲಿ ಹೊಸದಾಗಿ ಅಧಿಕಾರಕ್ಕೆ ಬಂದ ಗೊಟಬಯ ರಾಜಪಕ್ಸ ಸರ್ಕಾರ ಮೆಣಸು, ಅಡಿಕೆ, ಹುಣಸೆಯಂಥವುಗಳನ್ನು ತರಿಸಿ ಮರುರಫ್ತು ಮಾಡುವುದಕ್ಕೆ ತಡೆ ಹಾಕಿತು. ಅದು ತಮ್ಮ ಬೆಳೆಗಾರರ ಒತ್ತಾಯಕ್ಕೆ ಮಣಿದು ತಂದದ್ದು. ಮಲೆನಾಡಿಗೆ ದೆಹಲಿಯ ಆದೇಶಕ್ಕಿಂತ ಇದು ಹೆಚ್ಚು ಕೆಲಸಕ್ಕೆ ಬರುವಂಥದ್ದಾಗಿತ್ತು ಎಂದೇ ನನ್ನ ಎಣಿಕೆ. ಅಂತರ ಹಾಗೇ ಉಳಿದರೂ, ಚೀಟಿ ಹುಟ್ಟುವ ಜಾಗಕ್ಕೇ ಕೈ ಹಾಕಿದ ಕ್ರಮ ಅದು.

ಅಡಿಕೆಯ ಹೆಸರು ಅಲ್ಲಿ ಬಂದದ್ದು ಸುಮ್ಮನೆ ಅಲ್ಲ. ಶಿರಸಿ, ಸಾಗರ, ಪುತ್ತೂರಿನವರಿಗೆ ಇದೇ ಕತೆ ಬೇರೆ ಬೆಳೆಯಲ್ಲಿ ಗೊತ್ತು: ಶೇ 100 ಸುಂಕ, 2017ರಲ್ಲಿ 251 ರೂಪಾಯಿಯ ಕನಿಷ್ಠ ಆಮದು ಬೆಲೆ, 2023ರಲ್ಲಿ 351. ಅದನ್ನು ಬರೆಯಲು ಹೊರಟರೆ ಇನ್ನೊಂದು ಲೇಖನವಾಗುತ್ತದೆ.

ಭಾರತ ಚೀಟಿಯ ಕಡೆ ಗಮನ ಕೊಟ್ಟದ್ದು 2020ರಲ್ಲಿ. ಕಸ್ಟಮ್ಸ್ ಕಾಯ್ದೆಗೆ ತಿದ್ದುಪಡಿ ತಂದು, ಸೆಪ್ಟೆಂಬರ್ 21ರಿಂದ ಹೊಸ ನಿಯಮ ಜಾರಿಯಾಯಿತು. ಮೂಲ ಪ್ರಮಾಣಪತ್ರ ತೋರಿಸಿದರಷ್ಟೇ ಸಾಲದು, ಸರಕು ಆ ದೇಶದ್ದೇ ಎಂಬುದಕ್ಕೆ ಆಮದುದಾರನೇ ವಿವರ ಇಟ್ಟುಕೊಂಡಿರಬೇಕು, ಕೇಳಿದಾಗ ಕೊಡಬೇಕು, ಅಲ್ಲಿಯ ತನಕ ರಿಯಾಯಿತಿ ತಡೆಹಿಡಿಯಬಹುದು. ಒಪ್ಪಂದ ಜಾರಿಯಾಗಿ ಇಪ್ಪತ್ತು ವರ್ಷದ ಮೇಲೆ ಈ ಬುದ್ಧಿ. ಮೆಣಸಿನ ಗಲಾಟೆಗೆ ಮೊದಲೇ, ವನಸ್ಪತಿಯ ಕಾಲದಲ್ಲೇ ಇದು ಬಂದಿದ್ದರೆ 500ರ ಗೋಡೆಯ ಮಾತೇ ಏಳುತ್ತಿತ್ತೋ ಇಲ್ಲವೋ.

ಬೆಲೆ ಮತ್ತೆ ಎದ್ದದ್ದು ಈ ಯಾವುದರಿಂದಲೂ ಅಲ್ಲ. ಮುನ್ನೂರಕ್ಕೂ ಕೆಳಗಿನ ಬೆಲೆಯಲ್ಲಿ ಸೋತ ವಿಯೆಟ್ನಾಮಿನ ರೈತರು ಬಳ್ಳಿ ಕಿತ್ತು ಡುರಿಯನ್, ಕಾಫಿ ಹಾಕಿಕೊಂಡರು. ಅಲ್ಲಿನ ಫಸಲು ವರ್ಷವರ್ಷ ಇಳಿಯಿತು. 2021ರ ಕೊನೆಗೆ ನಮ್ಮಲ್ಲಿ 500ರ ಆಸುಪಾಸು, 2023ರ ಆಗಸ್ಟ್‌ನಲ್ಲಿ 600 ದಾಟಿತು. 2024ರಲ್ಲಿ ವಿಯೆಟ್ನಾಮಿನ ರಫ್ತು ಬೆಲೆಯೇ ಏರಿ ಕನಿಷ್ಠ ಆಮದು ಬೆಲೆಯ ಮಟ್ಟ ಮುಟ್ಟಿದಾಗ ಆ 500 ರೂಪಾಯಿಗೆ ಅರ್ಥವೇ ಉಳಿಯಲಿಲ್ಲ. ಎರಡು ದೇಶಗಳ ನಡುವೆ 2016ರಲ್ಲಿ ಶುರುವಾಗಿ ನಿಂತುಹೋಗಿದ್ದ ಹೊಸ, ವಿಸ್ತೃತ ಒಪ್ಪಂದದ ಮಾತುಕತೆ 2023ರಲ್ಲಿ ಮತ್ತೆ ಮೇಜಿಗೆ ಬಂತು. ಮಲೆನಾಡಿನಲ್ಲಿ ಅದರ ಬಗ್ಗೆ ತಲೆಕೆಡಿಸಿಕೊಂಡವರು ಕಡಿಮೆ. 330ರ ಕಾಲದಲ್ಲಿ ಸೊರಗಿ ಸತ್ತ ಬಳ್ಳಿಗಳ ಜಾಗದಲ್ಲಿ, ಅದೇ ಸಿಲ್ವರ್ ಓಕ್ ಮರಗಳ ಬುಡಕ್ಕೆ, ಈಗ ಪಣಿಯೂರು ತಳಿಯ ಹೊಸ ಮೆಣಸಿನ ಸಸಿ ನೆಡುತ್ತಿದ್ದಾರೆ. ಅವು ಕೈಗೆ ಕಾಳು ಕೊಡಲು ಇನ್ನೂ ಮೂರು ವರ್ಷ ಬೇಕು.